ಮಿಯಾಝಾಕಿಯ ಹನ್ನೆರಡು ಚಿತ್ರಗಳು: ಯಾರು ಯಾವುದರಿಂದ ಶುರುಮಾಡಬೇಕು?

ಜಪಾನಿನ ಅನಿಮೇಷನ್ ಚಿತ್ರಗಳ ನಿರ್ದೇಶಕ ಹಯಾವೊ ಮಿಯಾಝಾಕಿಯವರ ಯಾವ ಚಿತ್ರ ಮೊದಲು ನೋಡಲಿ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ಸ್ಪಿರಿಟೆಡ್ ಅವೇ'. 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಬಹುಮಾನ ಚಿನ್ನದ ಕರಡಿ, 2003ರಲ್ಲಿ ಆಸ್ಕರ್, ಜಪಾನಿನಲ್ಲಿ 2020ರವರೆಗೂ ಯಾರೂ ಮುರಿಯಲಾಗದ ಗಳಿಕೆಯ ದಾಖಲೆ. ಶಿಫಾರಸಿಗೆ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಆ ಮಾತು ನಂಬಿ ಕೂತವರಲ್ಲಿ ಕೆಲವರು ಮುಕ್ಕಾಲು ಗಂಟೆಗೆ "ಕಥೆ ಎಲ್ಲಿಗೆ ಹೋಗ್ತಿದೆ ಅಂತಲೇ ಗೊತ್ತಾಗ್ತಿಲ್ಲ" ಎಂದು ನಿಲ್ಲಿಸಿಬಿಡುತ್ತಾರೆ. ಅಂಥವರಿಗೆ ಬೇರೆ ಬಾಗಿಲು ತೋರಿಸಬೇಕಿತ್ತು.

1979ರಿಂದ 2023ರವರೆಗೆ ಮಿಯಾಝಾಕಿ ನಿರ್ದೇಶಿಸಿದ ಪೂರ್ಣಪ್ರಮಾಣದ ಚಿತ್ರಗಳು 12. ಅವಕ್ಕೆ ಅಂಕ ಕೊಟ್ಟು ಒಂದರಿಂದ ಹನ್ನೆರಡರವರೆಗೆ ಜೋಡಿಸಿದ ಪಟ್ಟಿಗಳಿಗೆ ಬರವಿಲ್ಲ, ಆದರೆ ಆಯ್ಕೆ ಮಾಡುವವರಿಗೆ ಅವುಗಳಿಂದ ಉಪಯೋಗ ಕಮ್ಮಿ. ಯಾಕೆಂದರೆ ಈ ಮನುಷ್ಯ ಒಂದು ಚಿತ್ರವನ್ನು ಪುಟ್ಟ ಮಗುವಿಗೆ, ಇನ್ನೊಂದನ್ನು ಹತ್ತು ವರ್ಷದ ಹುಡುಗಿಗೆ, ಮತ್ತೊಂದನ್ನು ದುಡಿದು ಸುಸ್ತಾದ ನಡುವಯಸ್ಸಿನ ಗಂಡಸಿಗೆ ಎಂದು ಯೋಚಿಸಿಯೇ ಮಾಡಿದವರು. ಇವುಗಳಲ್ಲಿ ಮೊದಲ ರ‍್ಯಾಂಕ್ ಯಾವುದಕ್ಕೆ ಎಂದರೆ ಏನು ಹೇಳುವುದು?

ನಾನು ಹಿಡಿಯುವ ದಾರಿ ಜೋಡಿ ಕಟ್ಟುವುದು. ಕಾಡು, ಮನೆ ಬಿಟ್ಟು ದುಡಿಯುವ ಹುಡುಗಿ, ವಿಮಾನ, ಅಮ್ಮನ ಕಾಯಿಲೆ. ಮಿಯಾಝಾಕಿ ಹಿಡಿದ ವಿಷಯವನ್ನು ಸುಲಭಕ್ಕೆ ಬಿಡುವವರಲ್ಲ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮತ್ತೆ ಅಲ್ಲಿಗೇ ಬರುತ್ತಾರೆ. ಮೊದಲ ಸಲ ಒಂದು ಉತ್ತರ ಕೊಟ್ಟಿರುತ್ತಾರೆ, ಎರಡನೇ ಸಲ ಆ ಉತ್ತರ ಅವರಿಗೇ ಸಾಲದಾಗಿರುತ್ತದೆ. ಹಾಗಾಗಿ ಜೋಡಿಯಲ್ಲಿ ಹಳೆಯದು ಸಾಮಾನ್ಯವಾಗಿ ಸಲೀಸು, ಹೊಸದು ತೊಡಕು. ನಿಮಗೆ ಈಗ ಯಾವುದು ಬೇಕು ಎಂದು ನೋಡಿಕೊಂಡು ಒಂದನ್ನು ತೆಗೆದುಕೊಳ್ಳಿ. ಇನ್ನೊಂದು ಎಲ್ಲಿಗೂ ಹೋಗುವುದಿಲ್ಲ.

ಶುರುಮಾಡುವ ಮುಂಚೆ ಒಂದು ಗೊಂದಲ ತೀರಿಸಿಬಿಡೋಣ. 2025ರಲ್ಲಿ ಎಐ ಕೈಲಿ ಮಾಡಿಸಿದ 'ಘಿಬ್ಲಿ' ಫೋಟೊಗಳು ನಮ್ಮ ವಾಟ್ಸಾಪ್ ಡಿಪಿಗಳನ್ನೆಲ್ಲ ತುಂಬಿಕೊಂಡವಲ್ಲ, ಆ ಹೆಸರು ಬಂದದ್ದು ಸ್ಟುಡಿಯೊ ಘಿಬ್ಲಿಯಿಂದ. ಮಿಯಾಝಾಕಿ, ಇನ್ನೊಬ್ಬ ನಿರ್ದೇಶಕ ಇಸಾವೊ ತಕಾಹಾತಾ ಮತ್ತು ನಿರ್ಮಾಪಕ ತೋಷಿಯೊ ಸುಝುಕಿ ಸೇರಿ 1985ರಲ್ಲಿ ಕಟ್ಟಿದ್ದು. ಭಾರತದಲ್ಲಿ 2020ರಿಂದ ಈ ಸ್ಟುಡಿಯೊದ ಚಿತ್ರಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದಿವೆ, ಆದರೆ ಅಲ್ಲಿರುವುದೆಲ್ಲ ಮಿಯಾಝಾಕಿಯವರದ್ದಲ್ಲ. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ತಕಾಹಾತಾ ಅವರದು. 'ಟೇಲ್ಸ್ ಫ್ರಂ ಅರ್ಥ್‌ಸೀ' ಮಗ ಗೋರೊ ಮಿಯಾಝಾಕಿಯವರದು. 'ವಿಸ್ಪರ್ ಆಫ್ ದಿ ಹಾರ್ಟ್'ಗೆ ಮಿಯಾಝಾಕಿ ಚಿತ್ರಕಥೆ ಬರೆದರು, ನಿರ್ದೇಶಿಸಿದ್ದು ಯೋಶಿಫುಮಿ ಕೊಂಡೊ.

ಇನ್ನೊಂದು ಮಾತು. "ಮೊದಮೊದಲ ಚಿತ್ರಗಳು ಅಷ್ಟಕ್ಕಷ್ಟೇ ಇರಬಹುದು" ಎಂದು ಅನುಮಾನಪಡಬೇಕಿಲ್ಲ. 1941ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಮಿಯಾಝಾಕಿ ಕಾಲೇಜಿನಲ್ಲಿ ಓದಿದ್ದು ರಾಜಕೀಯ ಮತ್ತು ಅರ್ಥಶಾಸ್ತ್ರ. 1963ರಲ್ಲಿ ತೋಯಿ ಅನಿಮೇಷನ್ ಕಂಪನಿಗೆ ಸೇರಿ ಕೆಳಗಿನ ಮೆಟ್ಟಿಲಿನಿಂದ ಚಿತ್ರ ಬಿಡಿಸುತ್ತ ಬಂದರು. ಅಲ್ಲಿನ ಕಾರ್ಮಿಕ ಸಂಘದಲ್ಲಿ ತಕಾಹಾತಾ ಜೊತೆಯಾದರು. ಆಮೇಲೆ ಟಿವಿಗೆ 'ಹೈದಿ', 'ಫ್ಯೂಚರ್ ಬಾಯ್ ಕೊನನ್' ಸರಣಿಗಳ ಕೆಲಸ. ಮೊದಲ ಚಿತ್ರ ನಿರ್ದೇಶಿಸುವ ಹೊತ್ತಿಗೆ ವಯಸ್ಸು 38, ಕೈಗೆ 16 ವರ್ಷದ ಪಳಗಿಕೆ.

ಪುಟ್ಟ ಮಕ್ಕಳಿದ್ದರೆ

ಐದಾರು ವರ್ಷದ ಮಗು ಪಕ್ಕದಲ್ಲಿದ್ದರೆ ಆಯ್ಕೆ 'ಮೈ ನೇಬರ್ ಟೊಟೊರೊ' (1988) ಮತ್ತು 'ಪೊನ್ಯೊ' (2008) ನಡುವೆ.

'ಟೊಟೊರೊ' ಒಂದೂವರೆ ಗಂಟೆಗೂ ಚಿಕ್ಕದು. ಖಳನಾಯಕನಿಲ್ಲ, ಹೊಡೆದಾಟವಿಲ್ಲ. 1950ರ ದಶಕ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೆ ಮನೆಗೆ ಬರುತ್ತಾನೆ. ಪಕ್ಕದ ದೊಡ್ಡ ಕರ್ಪೂರದ ಮರದಲ್ಲಿ ಟೊಟೊರೊ ಎಂಬ ಜೀವಿ ವಾಸವಾಗಿದೆ. ಕಥೆ ಅಂದರೆ ಇಷ್ಟೇ. ಮಳೆಯಲ್ಲಿ ಅಪ್ಪನ ಬಸ್ಸಿಗೆ ಕಾಯುವ ಅಕ್ಕ, ಬೆನ್ನ ಮೇಲೆ ನಿದ್ದೆಹೋದ ತಂಗಿ, ಪಕ್ಕದಲ್ಲಿ ಬಂದು ನಿಂತ ಟೊಟೊರೊ, ಕೊಡೆಯ ಮೇಲೆ ಹನಿ ಬಿದ್ದ ಸದ್ದಿಗೆ ಅದಕ್ಕೆ ಆಗುವ ಸಂತೋಷ: ಏನೂ ನಡೆಯದ ಆ ಕೆಲವು ನಿಮಿಷಗಳಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಾರೆ. ಮಿಯಾಝಾಕಿಯವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು ಎಂಬುದು ಗೊತ್ತಿದ್ದರೆ ದೊಡ್ಡವರಿಗೆ ಈ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

'ಪೊನ್ಯೊ' ಗಲಾಟೆಯ ಚಿತ್ರ. ಮನುಷ್ಯಳಾಗಬೇಕೆಂದು ಹಟ ಹಿಡಿದ ಮೀನಿನ ಮರಿ, ಅದಕ್ಕೆ ಒಲಿದ ಐದು ವರ್ಷದ ಹುಡುಗ ಸೊಸುಕೆ, ಉಕ್ಕಿ ಬಂದು ಊರನ್ನೇ ಮುಳುಗಿಸುವ ಕಡಲು. ಜಗತ್ತೆಲ್ಲ ಕಂಪ್ಯೂಟರ್ ಅನಿಮೇಷನ್ನಿಗೆ ಹೊರಳಿದ್ದ ಹೊತ್ತಿನಲ್ಲಿ ಹಟಕ್ಕೆ ಬಿದ್ದವರಂತೆ ಸುಮಾರು 1,70,000 ಚಿತ್ರಗಳನ್ನು ಕೈಯಲ್ಲೇ ಬರೆದು ಮಾಡಿದ್ದು. ಅಲೆಗಳ ಮೇಲೆ ಪೊನ್ಯೊ ಓಡಿಬರುವ ದೃಶ್ಯಕ್ಕೆ ಸಾಟಿಯಿಲ್ಲ. ಆದರೆ ಅದಾದ ಮೇಲೆ ಕಥೆ ಜೋತುಬೀಳುತ್ತದೆ, ದೊಡ್ಡವರು ಗಡಿಯಾರ ನೋಡಿದರೆ ಆಶ್ಚರ್ಯವಿಲ್ಲ. ಹೊಸದು ತೊಡಕಾಗಿರುತ್ತದೆ ಎಂದೆನಲ್ಲ, ಈ ಜೋಡಿ ಅದಕ್ಕೆ ಅಪವಾದ. ಒಂದು ಕಡೆ ಕೂರದ ಮಗುವಿಗೆ 'ಪೊನ್ಯೊ', ಇರುವೆ ಸಾಲು ನೋಡುತ್ತ ನಿಂತುಬಿಡುವ ಮಗುವಿಗೆ 'ಟೊಟೊರೊ'. ಮಕ್ಕಳಿಲ್ಲದೆ ದೊಡ್ಡವರೇ ನೋಡುವುದಾದರೆ ಯೋಚನೆಯೇ ಬೇಡ, 'ಟೊಟೊರೊ'.

ಜಪಾನಿನಲ್ಲಿ 'ಟೊಟೊರೊ' ಬಿಡುಗಡೆಯಾದದ್ದು ಒಂದೇ ಟಿಕೆಟ್ಟಿಗೆ ಎರಡು ಚಿತ್ರವಾಗಿ, 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೊತೆ. ಯುದ್ಧದಲ್ಲಿ ಅನಾಥರಾದ ಅಣ್ಣತಂಗಿ ಹಸಿವಿನಿಂದ ಸಾಯುವ ಕಥೆ ಅದು. ದಯವಿಟ್ಟು ಮಕ್ಕಳಿಗೆ ಆ ಜೋಡಿ ಬೇಡ.

ಸಾಹಸ ಬೇಕೆಂದರೆ

ಶನಿವಾರ ರಾತ್ರಿ, ಮನೆಮಂದಿಯೆಲ್ಲ ಕೂತಿದ್ದಾರೆ, ತಲೆ ತಿನ್ನದ ಚಿತ್ರ ಬೇಕು ಎಂದರೆ 'ಕ್ಯಾಸಲ್ ಇನ್ ದಿ ಸ್ಕೈ' (1986). ಆಕಾಶದಲ್ಲಿ ತೇಲುವ ಲಾಪುಟಾ ದ್ವೀಪ, ಅದನ್ನು ಹುಡುಕುವ ಗಣಿ ಊರಿನ ಹುಡುಗ, ಜಡೆ ಹಾಕಿದ ಆಕಾಶಗಳ್ಳಿ ಅಜ್ಜಿ ಡೋಲಾ. ಆ ಗಣಿ ಊರಿಗೆ ಮೂಲ ಬ್ರಿಟನ್ನಿನ ವೇಲ್ಸ್. ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಸೋತ ಹೊಸತರಲ್ಲಿ, 1985ರಲ್ಲಿ, ಮಿಯಾಝಾಕಿ ಅಲ್ಲಿಗೆ ಹೋಗಿಬಂದಿದ್ದರು. ಇದರ ಜೋಡಿ ಮೊದಲ ಚಿತ್ರ 'ದಿ ಕ್ಯಾಸಲ್ ಆಫ್ ಕಲಿಯೊಸ್ತ್ರೊ' (1979). ಲುಪಿನ್ ಎಂಬ ಕಳ್ಳನ ಕಥೆ, ಪಾತ್ರಗಳು ಬೇರೆಯವರ ಕಾಮಿಕ್ಸ್‌ನವು. ಪುಟ್ಟ ಹಳದಿ ಫಿಯೆಟ್ ಕಾರು ಗುಡ್ಡದ ಗೋಡೆ ಹತ್ತುವ ಬೆನ್ನಟ್ಟುವಿಕೆ ಒಂದಕ್ಕೇ ನೋಡಬಹುದು, ಆದರೆ ಅವಸರವೇನಿಲ್ಲ.

ದುಡಿಯಲು ಹೊರಟ ಹುಡುಗಿಯರು

ಹದಿಹರೆಯದವರಿಗೆ, ಅದರಲ್ಲೂ ಮೊದಲ ಕೆಲಸಕ್ಕೆ ಊರು ಬಿಟ್ಟು ಬಂದವರಿಗೆ, ನಾನು ಕೊಡುವುದು 'ಕಿಕೀಸ್ ಡೆಲಿವರಿ ಸರ್ವಿಸ್' (1989). ಎಯಿಕೊ ಕಡೊನೊ ಅವರ ಮಕ್ಕಳ ಕಾದಂಬರಿ ಇದಕ್ಕೆ ಆಧಾರ. ಮಾಟಗಾತಿಯರ ಮನೆತನದಲ್ಲಿ ಹುಡುಗಿಗೆ 13 ತುಂಬಿದರೆ ಒಂದು ವರ್ಷ ಪರಊರಿನಲ್ಲಿ ತಾನೇ ದುಡಿದು ಬದುಕಬೇಕು. ಕಿಕಿಗೆ ಬರುವುದು ಪೊರಕೆ ಮೇಲೆ ಹಾರುವುದೊಂದೇ, ಅದನ್ನೇ ಸಾಮಾನು ತಲುಪಿಸುವ ಕಸುಬು ಮಾಡಿಕೊಳ್ಳುತ್ತಾಳೆ. ಬೇಕರಿಯ ಮೇಲಿನ ಧೂಳು ಹಿಡಿದ ಕೋಣೆ, ದಿನಸಿ ತರಲು ಎಣಿಸುವ ಕಾಸು. ಒಬ್ಬ ಅಜ್ಜಿ ಪ್ರೀತಿಯಿಂದ ಮಾಡಿದ ತಿಂಡಿಯನ್ನು ಮಳೆಯಲ್ಲಿ ನೆನೆದು ತಲುಪಿಸಿದರೆ ಮೊಮ್ಮಗಳು ಮುಖ ಸಿಂಡರಿಸುತ್ತಾಳೆ. ಒಂದು ದಿನ ಕಾರಣವೇ ಇಲ್ಲದೆ ಹಾರುವ ಶಕ್ತಿ ಹೋಗಿಬಿಡುತ್ತದೆ. ಪಿಜಿ ಕೋಣೆಯಲ್ಲಿ ಕೂತು ಮೊದಲ ಸಂಬಳಕ್ಕೆ ಕಾದವರಿಗೆ ಇದರಲ್ಲಿ ವಿವರಿಸುವಂಥದ್ದು ಏನೂ ಇಲ್ಲ. ಕಾಡಿನಲ್ಲಿರುವ ಚಿತ್ರಗಾರ್ತಿ ಗೆಳತಿ ಕೊಡುವ ಸಲಹೆಯೂ ಸರಳ: ಬರೆಯಲಾಗದಿದ್ದರೆ ಬರೆಯುವುದನ್ನು ಬಿಡು, ಅಡ್ಡಾಡು, ನಿದ್ದೆ ಮಾಡು.

ಹನ್ನೆರಡು ವರ್ಷದ ಮೇಲೆ ಅದೇ ಹುಡುಗಿ ಬೇರೆ ಹೆಸರಿನಲ್ಲಿ ಬಂದಂತೆ 'ಸ್ಪಿರಿಟೆಡ್ ಅವೇ' (2001). ಹತ್ತು ವರ್ಷದ ಚಿಹಿರೊ ಕೂಡ ಅಪರಿಚಿತ ಜಾಗದಲ್ಲಿ ಕೆಲಸ ಕೇಳಿಕೊಂಡು ಬದುಕಬೇಕಾಗುತ್ತದೆ. ಆದರೆ ಕಿಕಿಯ ಊರು ಒಳ್ಳೆಯವರ ಊರು, ಇಲ್ಲಿ ಹಾಗಲ್ಲ. ದೇವರುಗಳು ಮೈತೊಳೆಯಲು ಬರುವ ಸ್ನಾನಗೃಹದಲ್ಲಿ ಕರಾರಿಗೆ ಸಹಿ ಹಾಕಿಸಿಕೊಂಡ ಒಡತಿ ಯುಬಾಬಾ ಹುಡುಗಿಯ ಹೆಸರನ್ನೇ ಕಿತ್ತುಕೊಳ್ಳುತ್ತಾಳೆ. ಕೈತುಂಬ ಚಿನ್ನ ಚೆಲ್ಲುವ ಅತಿಥಿಯ ಮುಂದೆ ಕೆಲಸದವರೆಲ್ಲ ಡೊಗ್ಗುಸಲಾಮು ಹೊಡೆಯುತ್ತಾರೆ. ಕೊಳೆತು ನಾರುವ ದೇವರೊಂದು ಸ್ನಾನಕ್ಕೆ ಬಂದಾಗ ಚಿಹಿರೊ ಅದರ ಮೈಗೆ ಚುಚ್ಚಿಕೊಂಡದ್ದನ್ನು ಎಳೆದರೆ ಬರುವುದು ಸೈಕಲ್ಲು, ಹಿಂದೆಯೇ ರಾಶಿ ಕಸ. ಅದು ನದಿ. ಮಿಯಾಝಾಕಿ ನದಿಯೊಂದನ್ನು ಸ್ವಚ್ಛ ಮಾಡಲು ಹೋಗಿ ನಿಜವಾಗಿಯೂ ಸೈಕಲ್ಲು ಎಳೆದದ್ದುಂಟು.

ಈ ಚಿತ್ರ ದಾರಿ ತಪ್ಪಿದಂತೆ ಅನ್ನಿಸುವುದಕ್ಕೆ ಕಾರಣ ಅವರು ಕೆಲಸ ಮಾಡುವ ರೀತಿಯಲ್ಲೇ ಇದೆ. ಚಿತ್ರಕಥೆ ಬರೆದು ಮುಗಿಸಿ ಶುರುಮಾಡುವವರಲ್ಲ ಅವರು. ದೃಶ್ಯಗಳನ್ನು ಒಂದೊಂದಾಗಿ ಚೌಕಗಳಲ್ಲಿ ಬಿಡಿಸುತ್ತ ಹೋಗುತ್ತಾರೆ, ಮುಂದಿನ ಚೌಕಗಳು ಇನ್ನೂ ಖಾಲಿ ಇರುವಾಗಲೇ ಹಿಂದಿನವು ಅನಿಮೇಟರುಗಳ ಮೇಜಿಗೆ ಹೋಗಿರುತ್ತವೆ. ಕೊನೆ ಏನೆಂದು ಆ ಹೊತ್ತಿಗೆ ನಿರ್ದೇಶಕರಿಗೂ ಗೊತ್ತಿರುವುದಿಲ್ಲ. 'ಕಿಕಿ' ನೋಡಿದ ಮೇಲೆ 'ಸ್ಪಿರಿಟೆಡ್ ಅವೇ'ಗೆ ಬಂದರೆ ಈ ಅಲೆದಾಟದಲ್ಲೂ "ಇವಳು ದುಡಿಯಲು ಬಂದವಳು" ಎಂಬ ಎಳೆ ಕೈಬಿಡುವುದಿಲ್ಲ. ನೀರಿನ ಮೇಲೆ ಸಾಗುವ ರೈಲಿನ ದೃಶ್ಯ ಬಂದಾಗ, ಅಲ್ಲಿ ಯಾರೂ ಏನೂ ಮಾಡದೆ ಸುಮ್ಮನೆ ಕೂತಿರುವುದು ಯಾಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಸ್ವಲ್ಪ ತಡೆಯಿರಿ. ಅಪ್ಪ ಅಮ್ಮ ಹಂದಿಗಳಾಗುವ ದೃಶ್ಯಕ್ಕೆ ಕೆಲವು ಮಕ್ಕಳು ಹೆದರುತ್ತಾರೆ.

ಕಾಡು

ನನ್ನ ಮಟ್ಟಿಗೆ ಹನ್ನೆರಡರಲ್ಲಿ ತೂಕದ ಜೋಡಿ ಇದೇ: 'ನೌಸಿಕಾ ಆಫ್ ದಿ ವ್ಯಾಲಿ ಆಫ್ ದಿ ವಿಂಡ್' (1984) ಮತ್ತು 'ಪ್ರಿನ್ಸೆಸ್ ಮೊನೊನೊಕೆ' (1997).

'ನೌಸಿಕಾ'ದಲ್ಲಿ ಮಹಾಯುದ್ಧ ಮುಗಿದು ಸಾವಿರ ವರ್ಷವಾಗಿದೆ. ಭೂಮಿಯ ಬಹುಭಾಗವನ್ನು ವಿಷದ ಕಾಡು ನುಂಗಿದೆ, ಓಮು ಎಂಬ ದೈತ್ಯ ಹುಳುಗಳು ಅದನ್ನು ಕಾಯುತ್ತವೆ. ಮನುಷ್ಯರೆಲ್ಲ ಆ ಕಾಡನ್ನು ಸುಡಬೇಕು ಎಂದರೆ ರಾಜಕುಮಾರಿ ನೌಸಿಕಾ ಮಾತ್ರ ಅದರ ಬೀಜ ತಂದು ನೆಲಮಾಳಿಗೆಯಲ್ಲಿ ಶುದ್ಧ ನೀರು ಹಾಕಿ ಬೆಳೆಸಿ ನೋಡುತ್ತಾಳೆ. ವಿಷ ಇರುವುದು ಮಣ್ಣಿನಲ್ಲಿ. ಮರಗಳು ಅದನ್ನು ಹೀರಿ ನೆಲವನ್ನು ಶುದ್ಧ ಮಾಡುತ್ತಿವೆ. ಪಾದರಸದ ತ್ಯಾಜ್ಯದಿಂದ ಸಾವಿರಾರು ಜನರನ್ನು ಊನಗೊಳಿಸಿದ ಮಿನಮಾಟಾ ಕೊಲ್ಲಿಯಲ್ಲಿ, ಮೀನುಗಾರಿಕೆ ನಿಂತ ಮೇಲೆ ಮೀನುಗಳು ಮರಳಿ ತುಂಬಿಕೊಂಡ ಸುದ್ದಿ ಈ ಕಲ್ಪನೆಯ ಹಿಂದಿದೆ. ಇಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದರಲ್ಲಿ ಅನುಮಾನವಿಲ್ಲ. ಕೊನೆಗೆ ಪವಾಡವೂ ಆಗುತ್ತದೆ.

ಆ ಪವಾಡ ಅವರಿಗೆ ಸಾಲಲಿಲ್ಲ ಅನ್ನಿಸುತ್ತದೆ. ಅದೇ ಕಥೆಯನ್ನು ಕಾಮಿಕ್ಸ್ ರೂಪದಲ್ಲಿ 1994ರವರೆಗೆ ಬರೆಯುತ್ತಲೇ ಹೋದರು, ಅಲ್ಲಿನ ಕೊನೆ ಚಿತ್ರದ ಕೊನೆಯಲ್ಲ. ಮೂರು ವರ್ಷಕ್ಕೆ 'ಮೊನೊನೊಕೆ' ಬಂತು. ಇದರಲ್ಲಿ ಕಾಡು ಕಡಿಯುವವಳು ಎಬೊಷಿ. ಕಬ್ಬಿಣ ಕರಗಿಸುವ ಊರಿನ ಒಡತಿ. ಅವಳನ್ನು ದ್ವೇಷಿಸೋಣ ಎಂದು ನೋಡಿದರೆ, ಸೂಳೆಗೇರಿಗೆ ಮಾರಿದ್ದ ಹೆಂಗಸರನ್ನು ಬಿಡಿಸಿ ತಂದು ಕುಲುಮೆಯ ತಿದಿ ತುಳಿಯುವ ಕೆಲಸ ಕೊಟ್ಟವಳೂ ಅವಳೇ, ಊರೆಲ್ಲ ಹೊರಗಿಟ್ಟ ಕುಷ್ಠರೋಗಿಗಳ ಗಾಯ ತೊಳೆದವಳೂ ಅವಳೇ. ಇತ್ತ ಕಾಡಿನ ದೇವರುಗಳೋ, ತೋಳ ಮತ್ತು ಹಂದಿಗಳ ರೂಪದಲ್ಲಿ ಸಿಟ್ಟು, ಅಹಂಕಾರ, ಮೂರ್ಖತನ ಎಲ್ಲ ತುಂಬಿಕೊಂಡಿವೆ. ನಡುವೆ ನಿಂತ ನಾಯಕ ಅಶಿತಾಕನ ತೋಳಿನಲ್ಲಿ ಶಾಪದ ಕಲೆ ಹರಡುತ್ತ ಹೋಗುತ್ತದೆ. ಕಾಡು ಉಳಿದರೆ ಆ ಹೆಂಗಸರು ಎಲ್ಲಿಗೆ ಹೋಗಬೇಕು? ಚಿತ್ರ ಇದಕ್ಕೆ ಉತ್ತರ ಕೊಡುವುದಿಲ್ಲ. ತೋಳದ ಮಡಿಲಲ್ಲಿ ಬೆಳೆದ ಸಾನ್ ಕೊನೆಯಲ್ಲೂ ಮನುಷ್ಯರನ್ನು ಕ್ಷಮಿಸಲಾರೆ ಎಂದೇ ಹೇಳುತ್ತಾಳೆ, ಅಶಿತಾಕ ಕಬ್ಬಿಣದ ಊರಿನಲ್ಲಿ ಉಳಿಯುತ್ತಾನೆ. ಇಂಥ ಚಿತ್ರ 1997ರಲ್ಲಿ ಜಪಾನಿನ ಎಲ್ಲ ಗಳಿಕೆ ದಾಖಲೆಗಳನ್ನು ಮುರಿಯಿತು. ಅದನ್ನು ಹಿಂದಿಕ್ಕಲು 'ಟೈಟಾನಿಕ್' ಬರಬೇಕಾಯಿತು.

"ಕಾರ್ಟೂನ್ ಮಕ್ಕಳಿಗೆ" ಎನ್ನುವ ಗೆಳೆಯ ನಿಮಗಿದ್ದರೆ ಹೆಚ್ಚು ಮಾತಾಡದೆ 'ಮೊನೊನೊಕೆ' ಹಾಕಿ. ಎರಡು ಗಂಟೆ ಹದಿಮೂರು ನಿಮಿಷ. ಬಾಣಕ್ಕೆ ತೋಳುಗಳು, ತಲೆಗಳು ಹಾರುತ್ತವೆ, ಮಕ್ಕಳನ್ನು ಒಳಗೆ ಕಳಿಸಿ. ಹನ್ನೆರಡು-ಹದಿಮೂರರ ಮಕ್ಕಳ ಜೊತೆಗಾದರೆ 'ನೌಸಿಕಾ'. ಎರಡನ್ನೂ ನೋಡುವ ಮನಸ್ಸಿದ್ದರೆ ಬಂದ ಸರದಿಯಲ್ಲೇ ನೋಡಿ, ಮೊದಲನೆಯದರ ಭರವಸೆ ಎರಡನೆಯದರಲ್ಲಿ ಹೇಗೆ ಕರಗಿತು ಎಂಬುದು ಆಗ ಮಾತ್ರ ಕಾಣುತ್ತದೆ.

ವಿಮಾನ

ಮಿಯಾಝಾಕಿ ಯುದ್ಧವನ್ನು ದ್ವೇಷಿಸುತ್ತಾರೆ, ಯುದ್ಧವಿಮಾನಗಳನ್ನು ಪ್ರೀತಿಸುತ್ತಾರೆ. ಅವರ ಮನೆಯವರ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಝೀರೊ ವಿಮಾನಗಳಿಗೆ ಬಿಡಿಭಾಗ ಮಾಡುತ್ತಿತ್ತು. ಸ್ಟುಡಿಯೊಗೆ ಇಟ್ಟ ಹೆಸರು ಕೂಡ ಇಟಲಿಯ ವಿಮಾನವೊಂದರದು. ಈ ಒಳಜಗಳದಿಂದ ಹುಟ್ಟಿದವು 'ಪೊರ್ಕೊ ರೊಸ್ಸೊ' (1992) ಮತ್ತು 'ದಿ ವಿಂಡ್ ರೈಸಸ್' (2013).

ಮೊದಲನೆಯದು ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ತೋರಿಸಲೆಂದು ಚಿಕ್ಕದಾಗಿ ಶುರುವಾಗಿ ದೊಡ್ಡದಾಯಿತು. ಮೊದಲ ಮಹಾಯುದ್ಧದ ಪೈಲಟ್ ಒಬ್ಬ ಹಂದಿಯಾಗಿಬಿಟ್ಟಿದ್ದಾನೆ, ಯಾಕೆ ಎಂದು ಚಿತ್ರ ಬಿಡಿಸಿ ಹೇಳುವುದಿಲ್ಲ. ಫ್ಯಾಸಿಸ್ಟ್ ಆಗುವುದಕ್ಕಿಂತ ಹಂದಿಯಾಗಿರುವುದೇ ಮೇಲು ಎನ್ನುವ ಅವನು ಏಡ್ರಿಯಾಟಿಕ್ ಸಮುದ್ರದ ಮೇಲೆ ಕೆಂಪು ವಿಮಾನ ಹಾರಿಸುತ್ತ, ಸಿಗರೇಟು ಸೇದುತ್ತ, ಹೋಟೆಲಿನ ಒಡತಿ ಜೀನಾಳಿಗೆ ಹೇಳಬೇಕಾದ್ದನ್ನು ಹೇಳದೆ ಕಾಲ ಕಳೆಯುತ್ತಾನೆ. ಇದಕ್ಕೆ ಬಹುಮಾನಗಳ ಪಟ್ಟಿಯಲ್ಲಿ ದೊಡ್ಡ ಜಾಗವಿಲ್ಲ. ನಲವತ್ತು ದಾಟಿದವರಿಗೆ ಮೊದಲ ಚಿತ್ರವಾಗಿ ನಾನು ಇದನ್ನೇ ಹೇಳುವುದು. ತೊಂಬತ್ತಮೂರು ನಿಮಿಷ, ನಗು ಬೇಕಾದಷ್ಟಿದೆ, ಮತ್ತು ಸತ್ತ ಪೈಲಟ್‌ಗಳ ವಿಮಾನಗಳೆಲ್ಲ ಮೋಡಗಳಾಚೆ ಒಂದು ಪಟ್ಟಿಯಂತೆ ಸದ್ದಿಲ್ಲದೆ ಏರಿಹೋಗುವ ದೃಶ್ಯವಿದೆ.

'ಪೊರ್ಕೊ'ದಲ್ಲಿ ಯುದ್ಧಕ್ಕೆ ಬೆನ್ನು ತಿರುಗಿಸಿ ಹಾರಿಹೋಗಬಹುದಿತ್ತು. 'ದಿ ವಿಂಡ್ ರೈಸಸ್' ನಾಯಕ ಜಿರೊ ಹೊರಿಕೊಶಿಗೆ ಆ ಅವಕಾಶವಿಲ್ಲ. ಅವನು ಝೀರೊ ವಿಮಾನವನ್ನು ರೂಪಿಸಿದ ಎಂಜಿನಿಯರ್, ನಿಜವಾಗಿ ಬದುಕಿದ್ದವನು. ಅವನ ಪ್ರೇಮಕಥೆಯನ್ನು ಮಾತ್ರ ಬೇರೆ ಲೇಖಕ ತತ್ಸುವೊ ಹೊರಿಯ ಕಾದಂಬರಿಯಿಂದ ತಂದು ಹೆಣೆದಿದ್ದಾರೆ. ಚೆಂದದ ವಿಮಾನ ಕಟ್ಟಬೇಕು ಎಂಬುದೊಂದೇ ಅವನ ಕನಸು, ಅದನ್ನು ಕೊಂಡುಕೊಳ್ಳುವವರು ಸೈನ್ಯದವರು. 1923ರ ಮಹಾಭೂಕಂಪದ ದೃಶ್ಯದಲ್ಲಿ ನೆಲ ಗುರುಗುಟ್ಟುವ ಸದ್ದನ್ನು ಮನುಷ್ಯರ ಬಾಯಿಂದಲೇ ಮಾಡಿಸಿದ್ದಾರೆ, ಹೆಡ್‌ಫೋನ್ ಹಾಕಿ ಕೇಳಿ. ಯುದ್ಧವಿಮಾನ ಮಾಡಿದವನನ್ನು ಇಷ್ಟು ಮೃದುವಾಗಿ ತೋರಿಸಬಹುದೇ ಎಂದು ಕೊರಿಯಾದಲ್ಲಿ ಟೀಕೆ ಬಂತು, ಜಪಾನಿನ ಬಲಪಂಥೀಯರಿಗೆ ಚಿತ್ರ ಸಾಕಷ್ಟು ದೇಶಭಕ್ತವಾಗಿ ಕಾಣಲಿಲ್ಲ. ಟೀಕೆಯಲ್ಲಿ ಹುರುಳಿದೆ, ಆ ವಿಮಾನಗಳು ಯಾರ ಮೇಲೆ ಹಾರಿದವು ಎಂಬುದು ತೆರೆಯ ಮೇಲೆ ಬರುವುದಿಲ್ಲ. ಆದರೂ ಪ್ರೌಢರಿಗೆ, ಅದರಲ್ಲೂ ತಮ್ಮ ಕೆಲಸದ ಬಗ್ಗೆ ಅಳುಕಿರುವ ಎಂಜಿನಿಯರುಗಳಿಗೆ, ಇದನ್ನು ತಪ್ಪಿಸಬೇಡಿ ಎನ್ನುತ್ತೇನೆ. ಮಕ್ಕಳಿಗೆ ಬೋರು ಹೊಡೆಯುತ್ತದೆ.

ಉಳಿದೆರಡು

'ಹೌಲ್ಸ್ ಮೂವಿಂಗ್ ಕ್ಯಾಸಲ್' (2004) ಮೇಲೆ ಪ್ರಾಣ ಇಟ್ಟುಕೊಂಡವರು ತುಂಬ ಮಂದಿ. ಟೋಪಿ ಹೊಲಿಯುವ ಸೋಫಿ ಶಾಪದಿಂದ ಮುದುಕಿಯಾಗಿ, ಅದರಿಂದಲೇ ಧೈರ್ಯ ಪಡೆಯುವ ಭಾಗ ಸೊಗಸು. ನಡೆದಾಡುವ ಕೋಟೆಯಂತೂ ಕಣ್ಣಿಗೆ ಹಬ್ಬ. ಇರಾಕ್ ಯುದ್ಧದ ಸಿಟ್ಟು ಒಳಗೆ ಕುದಿಯುತ್ತದೆ. ಆ ಸಿಟ್ಟಿಗೇ 2003ರ ಆಸ್ಕರ್ ಸಮಾರಂಭಕ್ಕೂ ಅವರು ಹೋಗಿರಲಿಲ್ಲ. ಆದರೆ ದ್ವಿತೀಯಾರ್ಧದಲ್ಲಿ ಯಾರು ಯಾಕೆ ಏನು ಮಾಡುತ್ತಿದ್ದಾರೆ ಎಂದು ಹಿಡಿಯುವುದು ಕಷ್ಟ. ಪ್ರೇಮಕಥೆ ಬೇಕೆನ್ನುವವರಿಗೆ ಸರಿ, ಮೊದಲ ಚಿತ್ರವಾಗಿ ಬೇಡ.

'ದಿ ಬಾಯ್ ಅಂಡ್ ದಿ ಹೆರನ್' (2023) ಕಟ್ಟಕಡೆಗೆ. 2013ರಲ್ಲಿ ನಿವೃತ್ತಿ ಘೋಷಿಸಿದವರು ಮನಸ್ಸು ಬದಲಿಸಿ, ಸುಮಾರು ಏಳು ವರ್ಷ ತೆಗೆದುಕೊಂಡು ಮಾಡಿದ್ದು. ಜಪಾನಿನಲ್ಲಿ ಟ್ರೇಲರ್ ಇಲ್ಲ, ಜಾಹೀರಾತಿಲ್ಲ, ಒಂದು ಪೋಸ್ಟರ್ ಬಿಟ್ಟರೆ ಏನೂ ಇಲ್ಲದೆ ಬಿಡುಗಡೆಯಾಯಿತು. 2024ರಲ್ಲಿ ಎರಡನೇ ಆಸ್ಕರ್ ತಂದಿತು. ಆ ಬಹುಮಾನ ನೋಡಿ ಇದರಿಂದಲೇ ಶುರುಮಾಡಿದವರಿಗೆ ತಲೆಬುಡ ಸಿಗದಿರುವುದು ಸಹಜ, ಏಕೆಂದರೆ ಇದು ಹಿಂದಿನ ಹನ್ನೊಂದರ ಜೊತೆ ಮಾತಾಡುವ ಚಿತ್ರ. ಯುದ್ಧದ ಬೆಂಕಿಯಲ್ಲಿ ಮಹಿತೊ ತನ್ನ ಅಮ್ಮನನ್ನು ಕಳೆದುಕೊಳ್ಳುತ್ತಾನೆ. 'ಟೊಟೊರೊ'ದಲ್ಲಿ ಆಸ್ಪತ್ರೆಯ ಅಮ್ಮ ಮನೆಗೆ ಬಂದೇ ಬರುತ್ತಾಳೆ ಎಂದು ಮಕ್ಕಳಿಗೆ ಕೊಟ್ಟ ಭರವಸೆಯನ್ನು, 35 ವರ್ಷದ ಮೇಲೆ ವಾಪಸು ತೆಗೆದುಕೊಂಡಂತೆ. ಅಪ್ಪನದು ವಿಮಾನದ ಬಿಡಿಭಾಗಗಳ ಕಾರ್ಖಾನೆ. ಗೋಪುರದೊಳಗೆ ಕಲ್ಲುಗಳನ್ನು ಜೋಡಿಸಿ ಜಗತ್ತನ್ನು ನಿಲ್ಲಿಸಿಕೊಂಡ ಹಿರಿಯಜ್ಜನ ಹಿಂದೆ 2018ರಲ್ಲಿ ತೀರಿಕೊಂಡ ತಕಾಹಾತಾ ಇದ್ದಾರೆ, ಸುಳ್ಳು ಹೇಳುವ ಬಕಪಕ್ಷಿಯ ಹಿಂದೆ ತಾನಿದ್ದೇನೆ ಎಂದು ನಿರ್ಮಾಪಕ ಸುಝುಕಿ ಹೇಳಿಕೊಂಡಿದ್ದಾರೆ. ಅಷ್ಟು ದೂರ ಜೊತೆಗೆ ಬಂದವರಿಗೆ ಮಾತ್ರ ಇದು ತೆರೆದುಕೊಳ್ಳುತ್ತದೆ. ಕಡೇಪಕ್ಷ 'ಟೊಟೊರೊ', 'ಸ್ಪಿರಿಟೆಡ್ ಅವೇ', 'ದಿ ವಿಂಡ್ ರೈಸಸ್' ಮೂರಾದರೂ ನೋಡಿರಿ.

ಜಪಾನಿ ಧ್ವನಿಯೋ, ಇಂಗ್ಲಿಷ್ ಡಬ್ಬಿಂಗೋ?

ಓದಲು ಬಾರದ ಮಕ್ಕಳಿದ್ದರೆ ಡಬ್ಬಿಂಗ್ ಅನಿವಾರ್ಯ, ಜೊತೆಗೆ ಕೂತು ನೀವು ಕನ್ನಡದಲ್ಲಿ ಹೇಳುತ್ತ ಹೋದರೆ ಇನ್ನೂ ಒಳ್ಳೆಯದು. 'ಟೊಟೊರೊ'ದಲ್ಲಿ ಮಾತೇ ಕಡಿಮೆ, ಇದು ಕಷ್ಟವಾಗುವುದಿಲ್ಲ. ಉಳಿದವರಿಗೆ ಜಪಾನಿ ಧ್ವನಿ, ಸಬ್‌ಟೈಟಲ್. ಅಮೆರಿಕದವರು 'ನೌಸಿಕಾ'ವನ್ನು ಎಂಬತ್ತರ ದಶಕದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿ ಬೇರೆ ಹೆಸರಿನಲ್ಲಿ ಬಿಟ್ಟಿದ್ದರು. ಅದರಿಂದ ಬುದ್ಧಿ ಕಲಿತ ಘಿಬ್ಲಿ ಮುಂದೆ ಒಂದು ಫ್ರೇಮನ್ನೂ ಕತ್ತರಿಸಲು ಬಿಡಲಿಲ್ಲ. ಆದರೆ ಡಬ್ಬಿಂಗ್‌ನಲ್ಲಿ ಮಾತು ತುರುಕುವುದು ನಿಲ್ಲಲಿಲ್ಲ. 'ಕಿಕಿ'ಯಲ್ಲಿ ಕಪ್ಪು ಬೆಕ್ಕು ಜಿಜಿ ಒಂದು ಹಂತದಲ್ಲಿ ಮಾತಾಡುವುದನ್ನು ನಿಲ್ಲಿಸುತ್ತದೆ. ಮೂಲದಲ್ಲಿ ಕೊನೆಯಲ್ಲೂ ಅದು ಬರೀ ಮಿಯಾಂವ್ ಅನ್ನುತ್ತದೆ, ಕಿಕಿ ಅದಕ್ಕೆ ನಗುತ್ತಾಳೆ. 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಬೆಕ್ಕಿಗೆ ಮಾತು ವಾಪಸು ಬಂದುಬಿಟ್ಟಿತು. 'ಕಿಕಿ' ಹಾಕುವ ಮುಂಚೆ ಭಾಷೆಯ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ.